ಕ್ರಿಕೆಟ್, ಟೆನಿಸ್, ಯುರೋಪಿನ ಫುಟ್‌ಬಾಲ್: ಒಬ್ಬ ಅಭಿಮಾನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಪಂಕ್ತಿಯಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ, ಹಳೆಯ ಗೆಳೆಯರ ಪತ್ರಗಳಲ್ಲಿ ಇವೇ ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಒಬ್ಬೊಬ್ಬರಿಗೂ ಅವಸರದಲ್ಲಿ ಕೊಟ್ಟ ಉತ್ತರ ನನಗೇ ಸಾಲದೆನಿಸಿ, 2025ರ ಆಟಗಳು ಮುಗಿಯುವ ಹೊತ್ತಿಗೆ ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳು ನನ್ನವು.

## ಹೊಸದಾಗಿ ನೋಡುವವರು ಕೇಳುವುದು

ಮೂರೂ ಆಟ ನೋಡುತ್ತೀರಲ್ಲ, ನಿದ್ದೆ ಯಾವಾಗ ಮಾಡುತ್ತೀರಿ?

ಗಡಿಯಾರ ನಮ್ಮ ಪರವಾಗಿಯೇ ಇದೆ. ಇಂಗ್ಲೆಂಡಿನ ಟೆಸ್ಟ್ ನಮಗೆ ಮಧ್ಯಾಹ್ನ ಮೂರೂವರೆಗೆ ಶುರುವಾಗುತ್ತದೆ, ಆಸ್ಟ್ರೇಲಿಯಾದ್ದು ಬೆಳಗಿನ ಜಾವಕ್ಕೆ. ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಫೈನಲ್‌ಗಳು ಸಂಜೆಯಿಂದ ರಾತ್ರಿಯ ಊಟದವರೆಗಿನ ಹೊತ್ತಿನಲ್ಲಿ ಬರುತ್ತವೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ನಡೆಯುವ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಂದ್ಯ ನಮಗೆ ಚಳಿಗಾಲದಲ್ಲಿ ರಾತ್ರಿ ಎಂಟೂವರೆಗೆ ಸಿಗುತ್ತದೆ. ಆ ಹೊತ್ತಿನ ಪಂದ್ಯವನ್ನು ಇಂಗ್ಲೆಂಡಿನ ಟಿವಿಯಲ್ಲಿ ನೇರವಾಗಿ ತೋರಿಸುವುದೇ ಇಲ್ಲ. ಜನ ತಮ್ಮೂರಿನ ಸಣ್ಣ ಕ್ಲಬ್ಬಿನ ಆಟಕ್ಕೆ ಹೋಗುವುದು ತಪ್ಪಬಾರದೆಂದು ಮಾಡಿಕೊಂಡ ಹಳೆಯ ಕಟ್ಟಳೆ ಅದು. ನನಗೆ ಬಹಳ ಮೆಚ್ಚುಗೆಯಾದ ಕಟ್ಟಳೆ. ನಿದ್ದೆಗೆಡಿಸುವುದು ಅಮೆರಿಕನ್ ಓಪನ್ ಮತ್ತು ಚಳಿಗಾಲದಲ್ಲಿ ರಾತ್ರಿ ಒಂದೂವರೆಗೆ ಶುರುವಾಗುವ, ಯುರೋಪಿನ ದೊಡ್ಡ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್. ನಾಕೌಟ್ ಹಂತ ಬರುವವರೆಗೆ ಅವನ್ನು ಮರುದಿನ ಸಂಜೆ ನೋಡುತ್ತೇನೆ.

ನಾನು ಕ್ರಿಕೆಟ್ ಬಿಟ್ಟು ಬೇರೆ ನೋಡಿದವನಲ್ಲ. ಟೆನಿಸ್ ಎಲ್ಲಿಂದ ಶುರು ಮಾಡಲಿ?

15, 30, 40 ಎಂಬ ಅಂಕದ ಲೆಕ್ಕ ಒಂದು ಸಂಜೆಯಲ್ಲಿ ರೂಢಿಯಾಗುತ್ತದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಬೇರೆ: ಟೆನಿಸಿನಲ್ಲಿ ಕಾಲದ ಮಿತಿಯಿಲ್ಲ. ಫುಟ್‌ಬಾಲಿನಲ್ಲಿ ಎರಡು ಗೋಲು ಮುಂದಿರುವ ತಂಡ ಹೊತ್ತು ಕಳೆದು ಗೆಲ್ಲಬಹುದು. ಟೆನಿಸಿನಲ್ಲಿ ಎಷ್ಟೇ ಮುಂದಿದ್ದರೂ ಕೊನೆಯ ಅಂಕವನ್ನು ಆಡಿಯೇ ಗೆಲ್ಲಬೇಕು.

2025ರ ಜೂನ್ 8ರ ಫ್ರೆಂಚ್ ಓಪನ್ ಫೈನಲ್ಲಿನ ನಾಲ್ಕನೇ ಸೆಟ್ ಹುಡುಕಿ ನೋಡಿ. ಯಾನಿಕ್ ಸಿನ್ನರ್ ಎರಡು ಸೆಟ್‌ಗೆ ಒಂದರಿಂದ ಮುಂದೆ. ನಾಲ್ಕನೆಯದರಲ್ಲಿ 5–3. ಕಾರ್ಲೊಸ್ ಅಲ್ಕರಾಜ್ ಸರ್ವ್ ಮಾಡುತ್ತಿದ್ದಾರೆ, ಅಂಕ 0–40. ಅಂದರೆ ಸಿನ್ನರ್‌ಗೆ ಪ್ರಶಸ್ತಿ ಗೆಲ್ಲಲು ಮೂರು ಅವಕಾಶ, ಒಂದರ ಹಿಂದೊಂದು. ಮೂರೂ ಕೈತಪ್ಪಿದವು. ಅಲ್ಲಿಂದ ಪಂದ್ಯ ಐದನೇ ಸೆಟ್ಟಿಗೆ, ಸಮವಾದ ಸೆಟ್ಟನ್ನು ತೀರ್ಮಾನಿಸುವ ಟೈಬ್ರೇಕಿಗೆ ಹೋಗಿ, ಅಲ್ಕರಾಜ್ 10–2ರಿಂದ ಗೆಲ್ಲುವ ಹೊತ್ತಿಗೆ 5 ಗಂಟೆ 29 ನಿಮಿಷ ಆಗಿತ್ತು. ಆ ಅಂಗಳದಲ್ಲಿ ಅಷ್ಟು ದೀರ್ಘವಾದ ಫೈನಲ್ ಹಿಂದೆಂದೂ ನಡೆದಿರಲಿಲ್ಲ. ಒಟ್ಟು ಅಂಕ ಕೂಡಿಸಿದರೆ ಸಿನ್ನರ್ 193, ಅಲ್ಕರಾಜ್ 192. ಸೋತವರೇ ಒಂದು ಅಂಕ ಹೆಚ್ಚು ಗೆದ್ದಿದ್ದರು! ಟೆನಿಸ್ ಎಂಥ ಆಟವೆಂಬುದು ಆ ಒಂದು ಲೆಕ್ಕದಲ್ಲಿ ಇದೆ.

ಫುಟ್‌ಬಾಲಿನಲ್ಲಿ ಯಾವ ತಂಡವನ್ನು ಬೆಂಬಲಿಸಲಿ? ಸುಮ್ಮನೆ ಒಂದು ಹೆಸರು ಹೇಳಿ.

ಹೆಸರು ಹೇಳುವುದಿಲ್ಲ. ಆದರೆ ವರ್ಷ ವರ್ಷವೂ ಗೆಲ್ಲುವ ತಂಡವನ್ನು ಹುಡುಕಿ ಹಿಡಿಯಬೇಡಿ ಎಂದು ಕೈ ಹಿಡಿದು ಹೇಳುತ್ತೇನೆ. 2025ರ ವಸಂತವನ್ನೇ ನೋಡಿ. ಮಾರ್ಚ್‌ನಲ್ಲಿ ನ್ಯೂಕಾಸಲ್ ತಂಡ ಇಂಗ್ಲೆಂಡಿನ ಲೀಗ್ ಕಪ್ ಗೆದ್ದಿತು. ದೇಶದೊಳಗಿನ ದೊಡ್ಡ ಪ್ರಶಸ್ತಿಯೊಂದು ಆ ಊರಿಗೆ ಬಂದದ್ದು 70 ವರ್ಷಗಳ ನಂತರ. ಮೇ ತಿಂಗಳಲ್ಲಿ ಬೊಲೋನ್ಯಾ ತಂಡಕ್ಕೆ 51 ವರ್ಷಗಳ ಮೇಲೆ ಇಟಲಿಯ ಕಪ್ ಸಿಕ್ಕಿತು. ಕ್ರಿಸ್ಟಲ್ ಪ್ಯಾಲೇಸ್ ಮ್ಯಾಂಚೆಸ್ಟರ್ ಸಿಟಿಯನ್ನು 1–0ಯಿಂದ ಸೋಲಿಸಿ ಇಂಗ್ಲೆಂಡಿನದೇ ಇನ್ನೊಂದು ಟೂರ್ನಿಯಾದ ಎಫ್‌ಎ ಕಪ್ ಎತ್ತಿತು. ಅದು ಆ ಕ್ಲಬ್ಬಿನ ಇಡೀ ಚರಿತ್ರೆಯ ಮೊದಲ ದೊಡ್ಡ ಪ್ರಶಸ್ತಿ. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಒಟ್ಟಿಗೆ ನಿಂತು ಅಳುತ್ತಿದ್ದುದನ್ನು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಕ್ಯಾಮೆರಾಗಳು ತೋರಿಸಿದವು. ಒಂದು ಋತುವಿಡೀ ನೋಡಿ. ಯಾವ ತಂಡ ಸೋತಾಗ ನಿಮಗೆ ಊಟ ರುಚಿಸುವುದಿಲ್ಲವೋ ಅದೇ ನಿಮ್ಮದು.

ಈ ಕಾಲದಲ್ಲಿ ಐದು ದಿನದ ಟೆಸ್ಟ್ ಯಾರು ನೋಡುತ್ತಾರೆ?

2025ರ ಆಗಸ್ಟ್ 4, ಸೋಮವಾರ. ಲಂಡನ್ನಿನ ಓವಲ್‌ನಲ್ಲಿ ಭಾರತ–ಇಂಗ್ಲೆಂಡ್ ಟೆಸ್ಟಿನ ಐದನೇ ದಿನ, ಐದು ಟೆಸ್ಟ್‌ಗಳ ಸರಣಿಯ ಇಪ್ಪತ್ತೈದನೇ ದಿನ. ಇಂಗ್ಲೆಂಡಿಗೆ 35 ರನ್ ಬೇಕು, ನಾಲ್ಕು ವಿಕೆಟ್ ಕೈಯಲ್ಲಿವೆ. ನಾನಿದ್ದದ್ದು ಕಚೇರಿಯ ಕೆಳಗಿನ ಬೇಕರಿಯಲ್ಲಿ. ಖಾರದ ಬಿಸ್ಕತ್ತಿನ ಗಾಜಿನ ಭರಣಿಗೆ ಒಂದು ಮೊಬೈಲ್ ಒರಗಿಸಿಟ್ಟಿದ್ದರು. ಅದರ ಮುಂದೆ ಹತ್ತು ಹನ್ನೆರಡು ಜನ. ಹೆಲ್ಮೆಟ್ಟನ್ನೂ ತೆಗೆಯದೆ ನಿಂತ ಒಬ್ಬ ಡೆಲಿವರಿ ಹುಡುಗ, ಕೈಯಲ್ಲಿ ಚೀಟಿ ಹಿಡಿದು ಔಷಧಿಗೆಂದು ಹೊರಟಿದ್ದ ಒಬ್ಬ ಅಜ್ಜ. ನಮ್ಮ ಬೆಂಗಳೂರಿನ ಬೌಲರ್ ಪ್ರಸಿದ್ಧ ಕೃಷ್ಣ ಅವರ ಮೊದಲ ಎರಡು ಎಸೆತಗಳೂ ಬೌಂಡರಿಗೆ ಹೋದವು. ಯಾರೂ ಉಸಿರೆತ್ತಲಿಲ್ಲ. ಆಮೇಲೆ ಮೊಹಮ್ಮದ್ ಸಿರಾಜ್ ಎರಡು ವಿಕೆಟ್ ಕಿತ್ತರು, ಪ್ರಸಿದ್ಧ ಒಂದು. ಕ್ರಿಸ್ ವೋಕ್ಸ್ ಭುಜದ ಕೀಲು ತಪ್ಪಿದ್ದ ಎಡಗೈಯನ್ನು ಸ್ವೆಟರಿನ ಒಳಗೆ ಕಟ್ಟಿಕೊಂಡು, ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು ಮೆಟ್ಟಿಲಿಳಿದು ಬಂದಾಗ ಬೇಕರಿಯ ಯಜಮಾನರು "ಅಯ್ಯೋ ಪಾಪ" ಎಂದರು. ಎದುರಾಳಿಯ ಮೇಲಿನ ಆ ಮರುಕವನ್ನು ನಾನು ಮರೆಯುವುದಿಲ್ಲ. ಕೊನೆಗೆ ಸಿರಾಜ್ ಅವರ ಯಾರ್ಕರ್ ಗಸ್ ಆಟ್ಕಿನ್‌ಸನ್ ಅವರ ಆಫ್ ಸ್ಟಂಪನ್ನು ಉರುಳಿಸಿತು. ಆರು ರನ್ ಗೆಲುವು, ಸರಣಿ 2–2.

ಹಿಂದಿನ ದಿನ ಹ್ಯಾರಿ ಬ್ರೂಕ್ 19 ರನ್ ಗಳಿಸಿದ್ದಾಗ ಅವರ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ತುಳಿದವರೂ ಇದೇ ಸಿರಾಜ್. ಬ್ರೂಕ್ 111 ಹೊಡೆದರು. ಆ ತಪ್ಪನ್ನು ಹೊತ್ತುಕೊಂಡೇ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಅದನ್ನು ತೊಳೆದುಕೊಳ್ಳುವುದಕ್ಕೆ ಬೇರೆ ಯಾವ ಆಟ ಅವಕಾಶ ಕೊಡುತ್ತದೆ? ಐದೂ ಟೆಸ್ಟ್ ಆಡಿ 185 ಓವರ್‌ಗಳಿಗೂ ಹೆಚ್ಚು ಬೌಲಿಂಗ್ ಮಾಡಿದ್ದ ಕಾಲುಗಳು ಅವು.

## ಮೆಚ್ಚುಗೆ ಮತ್ತು ಮುನಿಸು

ಕೊಹ್ಲಿ ಇಲ್ಲದ ಟೆಸ್ಟ್ ನೋಡಲು ಮನಸ್ಸು ಬರುತ್ತದೆಯೇ?

ಮೊದಲ ವಾರ ಬರಲಿಲ್ಲ. 123 ಟೆಸ್ಟ್, 9230 ರನ್, 30 ಶತಕ; 2025ರ ಮೇ 12ರಂದು ವಿರಾಟ್ ಕೊಹ್ಲಿ ನಿವೃತ್ತಿ ಹೇಳಿದಾಗ ಮನೆಯ ಹಿರಿಯರೊಬ್ಬರು ಊರು ಬಿಟ್ಟಂತೆ ಆಯಿತು. ಅವರಿಂದ ನಮಗೆ ಸಿಕ್ಕ ದೊಡ್ಡ ಆಸ್ತಿ ರನ್ನುಗಳಿಗಿಂತ ಹೆಚ್ಚಾಗಿ ವೇಗದ ಬೌಲಿಂಗ್ ಮೇಲಿನ ನಂಬಿಕೆ. ಅವರ ನಾಯಕತ್ವದ 68 ಟೆಸ್ಟ್‌ಗಳಲ್ಲಿ 40 ಗೆಲುವು ಬಂದದ್ದು ಆ ನಂಬಿಕೆಯಿಂದಲೇ. ಅವರು ಹೋದ ಮೇಲಿನ ಮೊದಲ ಸರಣಿಯಲ್ಲೇ ಶುಭಮನ್ ಗಿಲ್ ನಾಲ್ಕನೇ ಕ್ರಮಾಂಕಕ್ಕೆ ಬಂದು 754 ರನ್ ಗಳಿಸಿದರು. ಎಜ್‌ಬಾಸ್ಟನ್ನಿನಲ್ಲಿ 269 ಮತ್ತು 161. ಅಲ್ಲಿ ಭಾರತ ಅದಕ್ಕೆ ಮೊದಲು ಒಂದೂ ಟೆಸ್ಟ್ ಗೆದ್ದಿರಲಿಲ್ಲ. ನನಗೆ ಇನ್ನೂ ಹೆಚ್ಚು ನೆಮ್ಮದಿ ಕೊಟ್ಟದ್ದು ಕೆ.ಎಲ್. ರಾಹುಲ್ ಅವರ 532 ರನ್. ಹೊಸ ಚೆಂಡನ್ನು ಬಿಡುವ ಕಲೆಯನ್ನು ಅವರಷ್ಟು ಚೆನ್ನಾಗಿ ಬಲ್ಲವರು ಈಗ ತಂಡದಲ್ಲಿ ಇಲ್ಲ.

ಆರ್‌ಸಿಬಿ ಗೆದ್ದ ರಾತ್ರಿ ನೀವೂ ಬೀದಿಗೆ ಇಳಿದಿರಾ?

ಇಳಿದೆ. ಹದಿನೆಂಟನೇ ಋತುವಿನಲ್ಲಿ ಸಿಕ್ಕ ಮೊದಲ ಕಪ್, ರಜತ್ ಪಾಟಿದಾರ್ ನಾಯಕತ್ವದಲ್ಲಿ, ಪಂಜಾಬ್ ವಿರುದ್ಧ ಆರು ರನ್ ಗೆಲುವು. ಜೂನ್ 3ರ ಆ ರಾತ್ರಿ ನಮ್ಮ ಬೀದಿಯಲ್ಲಿ ಪರಿಚಯವಿಲ್ಲದವರು ಸಿಹಿ ಹಂಚಿದರು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ಗೆಲುವನ್ನು ಅದರ ನಂತರ ಒಂದೇ ಒಂದು ಸಲವೂ ಬರಿಯ ಸಂತೋಷದಿಂದ ನೆನೆಯಲು ನನಗೆ ಆಗಿಲ್ಲ. ಸತ್ತವರು ನಮ್ಮಂತೆಯೇ ತಂಡವನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಬಂದವರು. ಸಂಭ್ರಮಕ್ಕೆ ಒಂದು ವಾರ ಕಾಯಬಹುದಿತ್ತು, ಮುಂಗಡ ಟಿಕೆಟ್ ಕೊಟ್ಟು ಲೆಕ್ಕ ಹಾಕಿ ಒಳಗೆ ಬಿಡಬಹುದಿತ್ತು. ಅದೇ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ಭಾರತ ವಿಶ್ವಕಪ್ ಎತ್ತಿದ ಫೈನಲ್ ನಮ್ಮೂರಿನಲ್ಲಿ ನಡೆಯಬಹುದಾಗಿತ್ತು.

ಅಲ್ಕರಾಜ್ ದೊಡ್ಡವರೋ ಸಿನ್ನರ್ ದೊಡ್ಡವರೋ?

2024 ಮತ್ತು 2025ರ ಎಂಟೂ ಗ್ರ್ಯಾಂಡ್ ಸ್ಲಾಮ್‌ಗಳನ್ನು (ವರ್ಷದ ನಾಲ್ಕು ದೊಡ್ಡ ಟೂರ್ನಿಗಳು) ಇವರಿಬ್ಬರೇ ನಾಲ್ಕು ನಾಲ್ಕರಂತೆ ಹಂಚಿಕೊಂಡರು. ಮನಸ್ಸು ಅಲ್ಕರಾಜ್ ಕಡೆಗೆ ವಾಲುತ್ತದೆ. ಗುಂಡು ಹೊಡೆದಂತೆ ಫೋರ್‌ಹ್ಯಾಂಡ್ ಬೀಸಲು ಕೈ ಎತ್ತಿ, ಕೊನೆಯ ಕ್ಷಣದಲ್ಲಿ ಹಿಡಿತ ಸಡಿಲಿಸಿ ಚೆಂಡನ್ನು ಬಲೆಯ ಆಚೆ ಹೂವಿನಂತೆ ಇಳಿಬಿಡುವ ಆ ಡ್ರಾಪ್ ಶಾಟ್ ನೋಡಲು ನಾನು ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ. ಗೌರವ ಮಾತ್ರ ಸಿನ್ನರ್‌ಗೆ ಹೆಚ್ಚು ಸಲ್ಲುತ್ತದೆ. ಪ್ಯಾರಿಸ್ಸಿನಲ್ಲಿ ಆ ಮೂರು ಅಂಕಗಳನ್ನು ಕಳೆದುಕೊಂಡ ಐದೇ ವಾರಕ್ಕೆ, ವಿಂಬಲ್ಡನ್ ಫೈನಲ್ಲಿನಲ್ಲಿ ಅದೇ ಎದುರಾಳಿಗೆ ಮೊದಲ ಸೆಟ್ ಸೋತು, ಮುಂದಿನ ಮೂರನ್ನೂ 6–4ರಂತೆ ಗೆದ್ದರು. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಇಟಾಲಿಯನ್ ಅವರು. ಅಂಥ ಸೋಲಿನಿಂದ ಬಹಳ ಆಟಗಾರರು ವರ್ಷವಾದರೂ ಏಳುವುದಿಲ್ಲ.

ಜೊಕೊವಿಚ್ ಯಾಕೆ ಇನ್ನೂ ಆಡುತ್ತಿದ್ದಾರೆ?

38 ತುಂಬಿದ ವರ್ಷದಲ್ಲಿ, 2025ರ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳ ಸೆಮಿಫೈನಲ್ ತಲುಪಿದವರನ್ನು ಯಾಕೆ ಆಡುತ್ತೀರಿ ಎಂದು ಕೇಳುವುದು ಸರಿಯಲ್ಲ. ಆಡಲಿ.

ಎಂಬಪೆ ಬಿಟ್ಟು ಹೋದ ಮೇಲೆ ಪಿಎಸ್‌ಜಿ ಗೆದ್ದದ್ದು ಹೇಗೆ?

ಫ್ರಾನ್ಸಿನ ತಾರೆ ಎಂಬಪೆ ಪ್ಯಾರಿಸ್ಸಿನ ಆ ಕ್ಲಬ್ ಬಿಟ್ಟು ಹೋದದ್ದರಿಂದಲೇ ಎಂದು ಹೇಳುವವರಿದ್ದಾರೆ. ಅಷ್ಟು ಸಲೀಸಲ್ಲ. 2024–25ರ ಚಾಂಪಿಯನ್ಸ್ ಲೀಗಿನ ಮೊದಲ ಹಂತದಲ್ಲಿ ಪಿಎಸ್‌ಜಿ ತಡವರಿಸಿ, 36 ತಂಡಗಳಲ್ಲಿ 15ನೇ ಸ್ಥಾನದಲ್ಲಿ ನಿಂತಿತ್ತು. ಕೋಚ್ ಲೂಯಿಸ್ ಎನ್ರಿಕೆ ಬದಲಿಸಿದ್ದು ಚೆಂಡು ಕಳೆದುಕೊಂಡ ಮೇಲಿನ ಮೊದಲ ಐದು ಸೆಕೆಂಡುಗಳನ್ನು. ಮುಂದಿನ ಸಾಲಿನ ಆಟಗಾರನೂ ಹಿಂದಕ್ಕೆ ಓಡಲೇಬೇಕು, ಎದುರಾಳಿಯ ಮೇಲೆ ಮುಗಿಬೀಳಲೇಬೇಕು. ಮ್ಯೂನಿಕ್‌ನ ಫೈನಲ್ಲಿನಲ್ಲಿ ಒಂದು ನೋಟ ಕಣ್ಣಿಗೆ ಕಟ್ಟಿದಂತಿದೆ. ಎದುರಾಳಿ ಇಂಟರ್ ಮಿಲಾನ್ ತಂಡದ ಗೋಲ್‌ಕೀಪರ್ ಯಾನ್ ಸೊಮರ್ ಗೋಲ್ ಕಿಕ್‌ಗೆ ಸಿದ್ಧರಾಗುತ್ತಿದ್ದರೆ, ಪೆನಾಲ್ಟಿ ಆವರಣದ ಗೆರೆಯ ಮೇಲೆ ಉಸ್ಮಾನ್ ಡೆಂಬೆಲೆ ಓಟದ ಪಂದ್ಯಕ್ಕೆ ನಿಂತವರಂತೆ ಮೈ ಬಾಗಿಸಿ ಅವರನ್ನೇ ದಿಟ್ಟಿಸುತ್ತಿದ್ದರು. ತಂಡದ ಮುಖ್ಯ ಗೋಲುಗಾರ ಮಾಡುತ್ತಿದ್ದ ಕೆಲಸ ಅದು! 5–0 ಗೆಲುವು, ಆ ಫೈನಲ್‌ಗಳ ಚರಿತ್ರೆಯಲ್ಲೇ ದೊಡ್ಡ ಅಂತರ. ಎರಡು ಗೋಲು ಹೊಡೆದ ದೆಜಿರೆ ದುಯೆಗೆ ಆಗ 19 ವರ್ಷ. ಕ್ಲಬ್ಬಿನ ಮಾಲೀಕರಾದ ಕತಾರಿನವರ ಹಣದ ಬಗ್ಗೆ ನನ್ನ ಅಸಮಾಧಾನ ಹಾಗೆಯೇ ಇದೆ, ಆದರೆ ಆ ರಾತ್ರಿಯ ಆಟವನ್ನು ಹಣವೊಂದೇ ಆಡಿಸಲಿಲ್ಲ.

ಮಹಿಳೆಯರ ಪಂದ್ಯಗಳನ್ನು ನಿಜಕ್ಕೂ ನೋಡುತ್ತೀರಾ?

ನೋಡುತ್ತೇನೆ, ಮತ್ತು 2025ರಲ್ಲಿ ನೋಡದವರು ಆ ವರ್ಷದ ಅರ್ಧ ಕತೆಯನ್ನು ಕಳೆದುಕೊಂಡರು. ಭಾರತ ವಿಶ್ವಕಪ್ಪಿನ ಲೀಗ್ ಹಂತದಲ್ಲಿ ಸತತ ಮೂರು ಪಂದ್ಯ ಸೋತಿತ್ತು. ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾ ಕೊಟ್ಟ ಗುರಿ 339. ಜೆಮಿಮಾ ರಾಡ್ರಿಗಸ್ ಅಜೇಯ 127 ಹೊಡೆದು ಕೊನೆಯವರೆಗೂ ನಿಂತರು. ಗಾಯಗೊಂಡ ಪ್ರತಿಕಾ ರಾವಲ್ ಬದಲಿಗೆ ಕೊನೆಯಲ್ಲಿ ಕರೆ ಬಂದ ಶಫಾಲಿ ವರ್ಮಾ ಫೈನಲ್ಲಿನಲ್ಲಿ 87 ರನ್ ಗಳಿಸಿ ಎರಡು ವಿಕೆಟ್ ಪಡೆದರು. ದೀಪ್ತಿ ಶರ್ಮಾ ಅರ್ಧಶತಕ ಹೊಡೆದು ಐದು ವಿಕೆಟ್ ಕಿತ್ತರು.

ಟೆನಿಸಿನಲ್ಲಿ ಅಮಾಂಡಾ ಅನಿಸಿಮೊವಾ ವಿಂಬಲ್ಡನ್ ಫೈನಲ್ಲಿನಲ್ಲಿ ಇಗಾ ಶ್ವಿಯಾಂಟೆಕ್ ಎದುರು 0–6, 0–6ರಿಂದ ಸೋತರು, ಒಂದೇ ಒಂದು ಗೇಮ್ ಸಿಗಲಿಲ್ಲ. ಎರಡು ತಿಂಗಳೊಳಗೆ ಅಮೆರಿಕನ್ ಓಪನ್ ಕ್ವಾರ್ಟರ್‌ಫೈನಲ್ಲಿನಲ್ಲಿ ಅದೇ ಶ್ವಿಯಾಂಟೆಕ್ ಅವರನ್ನು ನೇರ ಸೆಟ್‌ಗಳಿಂದ ಸೋಲಿಸಿದರು. ಫುಟ್‌ಬಾಲಿನಲ್ಲಿ ಮಹಿಳಾ ಯುರೋ ಗೆದ್ದ ಇಂಗ್ಲೆಂಡಿನ ಲೂಸಿ ಬ್ರಾಂಜ್, ಮೊಣಕಾಲಿನ ಕೆಳಗಿನ ಎಲುಬು ಮುರಿದಿದ್ದರೂ ಆ ಟೂರ್ನಿಯನ್ನೆಲ್ಲ ಆಡಿದ್ದರು.

ಬೋಪಣ್ಣ ಡಬಲ್ಸ್ ಆಟಗಾರ ಅಷ್ಟೇ ಅಲ್ಲವೇ?

ಆ "ಅಷ್ಟೇ" ನನಗೆ ನೋವು ಕೊಡುತ್ತದೆ. ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ ಹುಡುಗನಾಗಿದ್ದಾಗ ಸರ್ವ್ ಗಟ್ಟಿಯಾಗಲೆಂದು ಸೌದೆ ಒಡೆಯುತ್ತಿದ್ದರು, ಉಸಿರು ಗಟ್ಟಿಯಾಗಲೆಂದು ಕಾಫಿ ತೋಟಗಳಲ್ಲಿ ಓಡುತ್ತಿದ್ದರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು, ವಿಶ್ವದ ಒಂದನೇ ಕ್ರಮಾಂಕಕ್ಕೂ ಏರಿದರು. ಆ ಎರಡನ್ನೂ ಅಷ್ಟು ವಯಸ್ಸಿನಲ್ಲಿ ಸಾಧಿಸಿದ ಪುರುಷ ಆಟಗಾರ ಅವರಿಗೆ ಮೊದಲು ಇರಲಿಲ್ಲ. 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ನಿವೃತ್ತಿ ಹೇಳಿದರು. ಪತ್ರಿಕೆಯ ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

## ಆಳಕ್ಕೆ ಇಳಿದವರು ಕೇಳುವುದು

ತವರಿನಲ್ಲಿ ಭಾರತ ಹೀಗೆ ಸೋಲುವುದಕ್ಕೆ ಪಿಚ್ ಕಾರಣವೋ ಆಟಗಾರರೋ?

ಎರಡೂ. 2024ರ ಅಕ್ಟೋಬರ್ 17ರಂದು ನಾನು ಚಿನ್ನಸ್ವಾಮಿಯಲ್ಲಿದ್ದೆ. ಹಿಂದಿನ ದಿನವೆಲ್ಲ ಮಳೆ, ಮೋಡ ಇನ್ನೂ ಕವಿದಿತ್ತು, ಮಡಿಲಲ್ಲಿ ಒದ್ದೆ ಕೊಡೆ. ನ್ಯೂಜಿಲೆಂಡ್ ಎದುರು ಮೊದಲು ಬ್ಯಾಟ್ ಮಾಡಿದ ಭಾರತ 46ಕ್ಕೆ ಆಲೌಟ್, ಐವರು ಸೊನ್ನೆ. ಬೆಂಗಳೂರಿನ ಮೂಲದ ತಂದೆತಾಯಿಯ ಮಗ ರಚಿನ್ ರವೀಂದ್ರ ಮರುದಿನ ಅದೇ ಪಿಚ್ಚಿನಲ್ಲಿ 134 ಹೊಡೆದಾಗ ಸುತ್ತಲಿನವರು ಎದ್ದು ಚಪ್ಪಾಳೆ ತಟ್ಟಿದರು. ಆ ಸೋಲನ್ನು ಹವಾಮಾನದ ಲೆಕ್ಕಕ್ಕೆ ಬರೆಯಬಹುದು. ಪುಣೆ ಮತ್ತು ಮುಂಬೈ ಹಾಗಲ್ಲ. ಚೆಂಡು ತಿರುಗುವ ಪಿಚ್‌ಗಳಲ್ಲೇ ಮಿಚೆಲ್ ಸ್ಯಾಂಟ್ನರ್ ಮತ್ತು ಅಜಾಜ್ ಪಟೇಲ್ ನಮ್ಮನ್ನು ಉರುಳಿಸಿದರು. ತವರಿನಲ್ಲಿ ಸತತ 18 ಸರಣಿ ಗೆದ್ದ ಸಾಲು ಅಲ್ಲಿಗೆ ಮುರಿಯಿತು.

ಒಂದು ವರ್ಷದ ಮೇಲೆ ಕೋಲ್ಕತ್ತದಲ್ಲಿ ದಕ್ಷಿಣ ಆಫ್ರಿಕಾ ಎದುರು ಗುರಿ ಬರೀ 124. ಭಾರತ 93ಕ್ಕೆ ಆಲೌಟ್. ತಾವು ಕೇಳಿದ ಪಿಚ್ ಅದೇ ಎಂದು ಕೋಚ್ ಗೌತಮ್ ಗಂಭೀರ್ ಹೇಳಿದರು. ಗುವಾಹಟಿಯ ಪಿಚ್ ಚೆನ್ನಾಗಿಯೇ ಇತ್ತು. ಅಲ್ಲಿ 408 ರನ್ ಸೋಲು, ರನ್ ಲೆಕ್ಕದಲ್ಲಿ ಭಾರತದ ಅತಿ ದೊಡ್ಡದು. ನನ್ನ ಅಭಿಪ್ರಾಯ ಇಷ್ಟು: ಮೊದಲ ದಿನದಿಂದಲೇ ಚೆಂಡು ವಿಪರೀತ ತಿರುಗಿದರೆ ನಮ್ಮ ಒಳ್ಳೆಯ ಸ್ಪಿನ್ನರ್‌ಗೂ ಎದುರಾಳಿಯ ಸಾಧಾರಣ ಸ್ಪಿನ್ನರ್‌ಗೂ ವ್ಯತ್ಯಾಸ ಉಳಿಯುವುದಿಲ್ಲ. ಎರಡನೆಯದಾಗಿ, ಸ್ಪಿನ್ ಎದುರು ಕಾಲು ಮುಂದಿಟ್ಟು ಮೂರು ಗಂಟೆ ತಡೆದು ನಿಲ್ಲುವುದನ್ನು ರಣಜಿಯ ನಾಲ್ಕು ದಿನದ ಆಟವೇ ಕಲಿಸಬೇಕು. ದೊಡ್ಡ ಆಟಗಾರರು ಅದನ್ನು ಆಡುವುದು ತೀರ ಅಪರೂಪ. ಕೋಲ್ಕತ್ತದ ಎರಡನೇ ಇನಿಂಗ್ಸ್‌ನಲ್ಲಿ ದಕ್ಷಿಣ ಆಫ್ರಿಕಾದ ತೆಂಬಾ ಬವುಮಾ ಅಜೇಯ 55 ಹೊಡೆದ ರೀತಿಯನ್ನು ನಮ್ಮ ಹುಡುಗರಿಗೆ ಮತ್ತೆ ಮತ್ತೆ ತೋರಿಸಬೇಕು.

ಯಂತ್ರದ ತೀರ್ಪು ಬಂದ ಮೇಲೆ ಆಟ ಕೆಟ್ಟಿದೆಯೇ?

ಕ್ರಿಕೆಟಿನ ಡಿಆರ್‌ಎಸ್ ನನಗೆ ಒಪ್ಪಿಗೆ, ಏಕೆಂದರೆ ಕೇಳುವ ಹಕ್ಕು ಆಟಗಾರನ ಕೈಯಲ್ಲಿದೆ ಮತ್ತು ಅದಕ್ಕೆ ಮಿತಿಯಿದೆ. ಕೇಳಬೇಕೋ ಬೇಡವೋ ಎಂಬುದೂ ನಾಯಕನ ಜಾಣ್ಮೆಯ ಭಾಗ. ಫುಟ್‌ಬಾಲಿನಲ್ಲಿ ವಿಡಿಯೊ ನೋಡಿ ತೀರ್ಪು ಕೊಡುವ ವಿಎಆರ್ ಒಪ್ಪಿಗೆಯಿಲ್ಲ. ಗೋಲು ಬಿದ್ದ ಕ್ಷಣದ ಕೂಗಿಗಾಗಿಯೇ ಜನ ತೊಂಬತ್ತು ನಿಮಿಷ ಕಾಯುತ್ತಾರೆ. ಆ ಕೂಗನ್ನು ಗಂಟಲಲ್ಲೇ ತಡೆದು, ಆಟಗಾರ ರಕ್ಷಕರಿಗಿಂತ ಹೆಬ್ಬೆರಳಿನಷ್ಟು ಮುಂದಿದ್ದನೇ (ಆಫ್‌ಸೈಡ್) ಎಂದು ಅಳೆಯುವುದು ಆಟಕ್ಕೆ ಒಳಿತಲ್ಲ. 2025ರಿಂದ ವಿಂಬಲ್ಡನ್ನಿನಲ್ಲಿ ಗೆರೆ ತೀರ್ಪುಗಾರರಿಲ್ಲ, ಎಲ್ಲವೂ ಯಂತ್ರದ್ದು. ಮೊದಲ ವರ್ಷವೇ ಒಂದು ಪಂದ್ಯದಲ್ಲಿ ಯಂತ್ರ ಆಫ್ ಆಗಿದ್ದುದು ಕೆಲ ಹೊತ್ತು ಯಾರ ಗಮನಕ್ಕೂ ಬಂದಿರಲಿಲ್ಲ. ಫ್ರೆಂಚ್ ಓಪನ್ನಿನಲ್ಲಿ ಇನ್ನೂ ಮನುಷ್ಯರಿದ್ದಾರೆ: ಅಂಪೈರ್ ಎತ್ತರದ ಕುರ್ಚಿಯಿಂದಿಳಿದು, ಕೆಂಪು ಮಣ್ಣಿನ ಮೇಲಿನ ಗುರುತಿನ ಹತ್ತಿರ ಬಾಗಿ, ಬೆರಳು ತೋರಿಸುತ್ತಾರೆ. ಅದು ಉಳಿಯಲಿ ಎಂಬುದು ನನ್ನ ಆಸೆ.

ಉದ್ದನೆಯ ಆಟ ಬೇಕು ಎನ್ನುತ್ತೀರಿ, ಪಂದ್ಯಗಳು ಹೆಚ್ಚಾದವು ಎಂದೂ ದೂರುತ್ತೀರಿ. ಇದು ವಿರೋಧವಲ್ಲವೇ?

ಅಲ್ಲ. ಒಂದು ಪಂದ್ಯಕ್ಕೆ ಬೇಕಾದಷ್ಟು ಕಾಲ ಕೊಡುವುದು ಬೇರೆ, ವರ್ಷದ ಎಲ್ಲ ದಿನಗಳಲ್ಲೂ ಪಂದ್ಯ ತುಂಬುವುದು ಬೇರೆ. ಪಿಎಸ್‌ಜಿ 2025ರ ಮೇ 31ರಂದು ಚಾಂಪಿಯನ್ಸ್ ಲೀಗ್ ಗೆದ್ದಿತು, 32 ತಂಡಗಳ ಕ್ಲಬ್ ವಿಶ್ವಕಪ್ ಆಡಲು ಅಮೆರಿಕಕ್ಕೆ ಹೋಗಿ ಜುಲೈ 13ರಂದು ಫೈನಲ್ಲಿನಲ್ಲಿ ಚೆಲ್ಸಿಗೆ ಸೋತಿತು, ಆಗಸ್ಟ್ 13ರಂದು ಹೊಸ ಋತುವಿನ ಮೊದಲ ಪಂದ್ಯಕ್ಕೆ ಇಳಿಯಿತು. ನಡುವೆ ಒಂದು ತಿಂಗಳು. 2024ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ರೊಡ್ರಿ, ಆಟಗಾರರು ಮುಷ್ಕರಕ್ಕೆ ಇಳಿಯುವ ದಿನ ದೂರವಿಲ್ಲ ಎಂದರು. ಕೆಲವೇ ದಿನಗಳಲ್ಲಿ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಜಸ್‌ಪ್ರೀತ್ ಬುಮ್ರಾ ಆಸ್ಟ್ರೇಲಿಯಾದಲ್ಲಿ 32 ವಿಕೆಟ್ ಪಡೆದು ಸಿಡ್ನಿಯಲ್ಲಿ ಬೆನ್ನು ಹಿಡಿದುಕೊಂಡು ಹೊರನಡೆದರು. ಇಂಗ್ಲೆಂಡಿನಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡಲು ಆಯಿತು. ಬುಮ್ರಾ ಅವರ ಒಂದು ಟೆಸ್ಟ್ ಸ್ಪೆಲ್‌ಗಾಗಿ ನಾನು ಹತ್ತು ಟಿ20 ಪಂದ್ಯಗಳನ್ನು ಬಿಟ್ಟುಕೊಡಲು ತಯಾರಿದ್ದೇನೆ.

ಕರುಣ್ ನಾಯರ್‌ಗೆ ನಾಲ್ಕು ಟೆಸ್ಟ್ ಸಿಕ್ಕಿತಲ್ಲ, ಇನ್ನೂ ಏನು ಅನ್ಯಾಯ?

2016ರಲ್ಲಿ ಚೆನ್ನೈಯಲ್ಲಿ ಅಜೇಯ 303 ಹೊಡೆದವರು ಕರುಣ್. ಮರುವರ್ಷ ತಂಡದಿಂದ ಹೊರಬಿದ್ದರು. ಆಮೇಲೆ ಕರ್ನಾಟಕ ತಂಡದಲ್ಲೂ ಜಾಗವಿಲ್ಲದೆ ವಿದರ್ಭಕ್ಕೆ ಹೋದರು. ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲಿ ಎಂದು ಅವರು ಬಹಿರಂಗವಾಗಿ ಕೇಳಿಕೊಂಡದ್ದು 2022ರ ಕೊನೆಯಲ್ಲಿ. ವಿದರ್ಭ 2024–25ರ ರಣಜಿ ಗೆದ್ದಾಗ ಫೈನಲ್ಲಿನಲ್ಲಿ 86 ಮತ್ತು 135 ಅವರದೇ. ಎಂಟು ವರ್ಷದ ಮೇಲೆ ಇಂಗ್ಲೆಂಡಿಗೆ ಹೋಗಿ ನಾಲ್ಕು ಟೆಸ್ಟ್‌ಗಳಲ್ಲಿ 205 ರನ್ ಗಳಿಸಿದರು. ಸಾಲದು, ನಿಜ, ಹಲವು ಸಲ ನೆಲೆಯೂರಿದ ಮೇಲೆ ಔಟಾದರು. ಆದರೂ ಎಂಟು ವರ್ಷ ಕಾದವರನ್ನು ಎಂಟು ಇನಿಂಗ್ಸ್‌ಗಳಲ್ಲಿ ಮುಗಿಸಬಾರದಿತ್ತು. ಅವರೀಗ ಕರ್ನಾಟಕಕ್ಕೆ ಮರಳಿ ಆಡುತ್ತಿದ್ದಾರೆ.

ಓವಲ್ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ಭಾರತ 224ಕ್ಕೆ ಆಲೌಟಾದಾಗ ಹೆಚ್ಚು ರನ್ ಕರುಣ್ ಅವರದು, 57. ವೋಕ್ಸ್ ಬೌಂಡರಿ ಬಳಿ ಬಿದ್ದು ಭುಜದ ಕೀಲು ತಪ್ಪಿಸಿಕೊಂಡದ್ದು ಅವರು ಹೊಡೆದ ಚೆಂಡನ್ನು ತಡೆಯಲು ಹೋಗಿ. ಮೂರು ರನ್ ಓಡಿದ್ದರು, ನಾಲ್ಕನೆಯದು ಸಲೀಸಾಗಿ ಸಿಗುತ್ತಿತ್ತು. ವೋಕ್ಸ್ ನೋವಿನಿಂದ ಬಿದ್ದಿರುವುದನ್ನು ಕಂಡು ಕರುಣ್ ಆ ರನ್ ಓಡಲಿಲ್ಲ. ಪಂದ್ಯ ಮುಗಿದದ್ದು ಆರು ರನ್ ಅಂತರದಲ್ಲಿ.